ಕೊಯ್ಲೂ ಮುಗೀಬೇಕು, ಕಾರ್ಡೂ ಉಳೀಬೇಕು

ಗಿರಿಯ ತಪ್ಪಲಲ್ಲಿ ನಮ್ಮ ಬೇಲಿಯಾಚೆಯ ಗೌಡ್ರ ಮನೇಲಿ ಈಗ ಎರಡು ಕ್ಯಾಲೆಂಡರು. ಒಂದು ತೋಟದ್ದು: ನವೆಂಬರಿಗೆ ಅರೇಬಿಕಾ ಕೊಯ್ಲು, ರೋಬಸ್ಟಾ ಕಣದಿಂದ ಏಳೋ ಹೊತ್ತಿಗೆ ಮಾರ್ಚು, ಆಮೇಲೆ ಹೂಮಳೆಗೆ ಆಕಾಶ ನೋಡೋದು. ಇನ್ನೊಂದು ಅಮೆರಿಕದ್ದು. ಮಗ ಅಲ್ಲಿನ ಸಿಟಿಜನ್ ಆಗಿ ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದಾನೆ.

“ಆರು ತಿಂಗಳಿಗೊಂದ್ಸಲ ಹೋಗಿ ತಲೆ ತೋರಿಸಿ ಬಂದ್ರೆ ಆಯ್ತಲ್ಲ ಮಾರಾಯ್ರೇ?”

ಈ ಆರು ತಿಂಗಳ ಶಾಸ್ತ್ರ ಯಾರು ಹಬ್ಬಿಸಿದರೋ, ಮದುವೆ ಪಂಕ್ತಿಯಲ್ಲೂ ಇದೇ ಮಾತು. “ಗೌಡ್ರೇ, ಅದು ಅಲ್ಲೇ ವಾಸ ಮಾಡೋರಿಗೆ ಕೊಡೋ ಕಾರ್ಡು. 180 ದಿನ ದಾಟಿದ್ರೆ ಹೊಸದಾಗಿ ಬಂದೋರ ಹಾಗೆ ವಿಚಾರಿಸಬಹುದು. ವರ್ಷ ದಾಟಿದ್ರೆ ಬರೀ ಕಾರ್ಡು ನಡೆಯಲ್ಲ. ಅದಕ್ಕೆ ಮುಂಚೆ ಹೋದ್ರೂ, ಅಲ್ಲಿ ಮೂರು ವಾರ, ಉಳಿದದ್ದೆಲ್ಲ ಇಲ್ಲಿ ಅಂದ್ರೆ ನಿಮ್ಮ ಮನೆ ಯಾವುದು ಅಂತ ಕೇಳ್ತಾರೆ.”

“ಮನೆ ಇದೇ ಅಲ್ವಾ!”

“ಅಲ್ಲಿ ಹಾಗಂದ್ರೆ ಕಾರ್ಡಿನ ಕಥೆ ಮುಗೀತು.”

ಬಾಬಾಬುಡನ್ ಮೋಕಾದಿಂದ ಏಳು ಕಾಫಿ ಬೀಜ ತಂದರಂತೆ. ಅವರು ಯಾರ ಪರ್ಮಿಟ್ಟಿಗೂ ಕಾಯಲಿಲ್ಲ. ಗೌಡ್ರಿಗೆ ಆ ಯೋಗವಿಲ್ಲ. ಹೆಚ್ಚು ದಿನ ಇಲ್ಲಿರಬೇಕಾದ್ರೆ ರೀ-ಎಂಟ್ರಿ ಪರ್ಮಿಟ್ ಬೇಕು, ಐ-131 ಫಾರಂ. ಹೆಚ್ಚೆಂದರೆ ಎರಡು ವರ್ಷಕ್ಕೆ ಕೊಡ್ತಾರೆ. ಅರ್ಜಿ ಮಾತ್ರ ಅಮೆರಿಕದಲ್ಲಿರುವಾಗಲೇ ಹಾಕಬೇಕು, ಚಿಕ್ಕಮಗಳೂರಿಗೆ ಬಂದು ಕೂತು ಅಲ್ಲ. ಅದಿದ್ದರೂ ವಾಸ ಬಿಟ್ಟಿಲ್ಲ ಅನ್ನೋದಕ್ಕೆ ಮನೆ, ಬ್ಯಾಂಕು, ತೆರಿಗೆ ಕಾಗದ ಕೇಳಬಹುದು.

ತೆರಿಗೆ ಅಂದದ್ದೇ ಗೌಡ್ರ ಕಿವಿ ನೆಟ್ಟಗಾಯ್ತು. ಕಾರ್ಡಿದ್ದವರು ಲೋಕದ ಯಾವ ಮೂಲೆಯ ಆದಾಯವನ್ನೂ ಅಲ್ಲಿನ ರಿಟರ್ನಿನಲ್ಲಿ ತೋರಿಸಬೇಕು. ಹಸಿ ಹಣ್ಣೋ ಒಣಗಿಸಿದ ಚೆರ್ರಿಯೋ ಮಾರಿದರೆ ಇಲ್ಲಿ ಕೇಂದ್ರದ ಆದಾಯ ತೆರಿಗೆ ಇಲ್ಲ. ಅಲ್ಲಿ ಆ ರಿಯಾಯಿತಿ ನಡೆಯಲ್ಲ.

“ಇಲ್ಲಿ ಕೇಳದ ದುಡ್ಡನ್ನ ಅಲ್ಲಿ ಕೇಳ್ತಾರಾ? ನಮ್ಮ ರೈಟರಿಗೇ ಸರಿಯಾಗಿ ಲೆಕ್ಕ ಕೊಟ್ಟಿಲ್ಲ ನಾನು!”

ಗೌಡತಿ ಹಿತ್ತಲಿಂದಲೇ ಕೂಗಿದರು: “ಏರ್‌ಪೋರ್ಟಲ್ಲಿ ಸೈನ್ ಹಾಕಿ ಅಂತಾರಂತೆ, ಅದೇನು?”

ಅದು ಐ-407, ಕಾರ್ಡನ್ನು ನಾವಾಗಿ ಬಿಟ್ಟುಕೊಡೋ ಕಾಗದ. ಓದದೆ ಹೆಬ್ಬೆಟ್ಟು ಒತ್ತೋ ಕಾಲ ಹೋಯ್ತು. ಸಹಿ ಕಡ್ಡಾಯವಲ್ಲ, ಇಮಿಗ್ರೇಷನ್ ಜಡ್ಜ್ ಮುಂದೆ ಹೇಳಿಕೊಳ್ಳೋ ಹಕ್ಕಿದೆ.

ನನ್ನ ಕೇಳಿದರೆ, ಮಳೆಗಾಲದಲ್ಲಿ ಮೊಮ್ಮಕ್ಕಳ ಮುಖ ನೋಡಿ ಕೊಯ್ಲಿಗೆ ವಾಪಸಾಗೋರಿಗೆ ಪ್ರವಾಸಿ ವೀಸಾ ಸಾಕು. ಕಾರ್ಡೇ ಬೇಕು ಅನ್ನೋರು ಇಲ್ಲಿಗೆ ಟಿಕೆಟ್ ತೆಗೆಸೋ ಮೊದಲು ಅಲ್ಲಿನ ವಕೀಲರೊಬ್ಬರನ್ನ ಕಂಡು ಮಾತಾಡಿ.