ಗ್ರೀನಿಚ್‌ನಲ್ಲಿ ನನ್ನ ಗ್ರಹಚಾರ

ನಲವತ್ತಾರಕ್ಕೆ ಚಾಳೀಸು ಬಂತು. ಕನ್ನಡಕ ಹಾಕಿದರೆ ವಯಸ್ಸು ಒಪ್ಪಿಕೊಂಡಂತೆ ಅಲ್ಲವೇ? ಫೋನಿಗೆ ಎರಡು ಆ್ಯಪ್ ಇಳಿಸಿಕೊಂಡೆ. ಒಂದು ಭೂತಗನ್ನಡಿ, ಇನ್ನೊಂದು ಮುಟ್ಟಿದರೆ ಕನ್ನಡದಲ್ಲೇ ಗಂಟೆ ಹೇಳುವ ಗಡಿಯಾರ. ಹ್ಯಾರೋದಲ್ಲಿ ತೊಗರಿಬೇಳೆ ಪೊಟ್ಟಣದ ತಾರೀಕು ಓದಹೋದರೆ, ಭೂತಗನ್ನಡಿ ಅಂಗಡಿಯವನ ಮುಖಕ್ಕೇ ಟಾರ್ಚ್ ಬಿಟ್ಟಿತು. ಕಣ್ಣು ಕಾಣದವರು ಇಂಥದೇ ಫೋನಿನಲ್ಲಿ ವಾಯ್ಸ್‌ಓವರ್, ಟಾಕ್‌ಬ್ಯಾಕ್ ಹಾಕಿಕೊಂಡು ಲಂಡನ್ ಪೂರ ಓಡಾಡುತ್ತಾರೆ. ನನ್ನದು ಬರೀ ಜಂಬ.

ಜುಲೈನಲ್ಲಿ ತುಮಕೂರಿನಿಂದ ದೊಡ್ಡಪ್ಪ ಬಂದರು, ಕೈಯಲ್ಲಿ ಕೀ ಕೊಡುವ ಎಚ್‌ಎಂಟಿ. ‘ಇದನ್ನ ತಿರುಗಿಸಲ್ಲ ಕಣೋ, ಮಾತ್ರೆ ತಗೊಳೋ ಹೊತ್ತು ತಪ್ಪುತ್ತೆ’ ಎಂದು ಭಾರತದ ಸಮಯದಲ್ಲೇ ಇಟ್ಟಿದ್ದರು. ಅವರಿಗೆ ನನ್ನ ಆ್ಯಪ್‌ಗಳ ಮಹಿಮೆ ತೋರಿಸಲು ಗ್ರೀನಿಚ್ ವೀಕ್ಷಣಾಲಯಕ್ಕೇ ಕರೆದೊಯ್ದೆ. ಥೇಮ್ಸ್ ನದಿಯ ಹಡಗಿನವರು ಗಡಿಯಾರ ಸರಿಮಾಡಿಕೊಳ್ಳಲೆಂದು 1833ರಲ್ಲಿ ಛಾವಣಿ ಮೇಲೆ ಇಟ್ಟ ಕೆಂಪು ಚೆಂಡು 12.55ಕ್ಕೆ ಅರ್ಧ ಏರಿ, 12.58ಕ್ಕೆ ತುದಿ ಮುಟ್ಟಿ, ಒಂದಕ್ಕೆ ಸರಿಯಾಗಿ ಬೀಳುತ್ತದೆ.

ಗೇಟಿನ ಪಕ್ಕ 1852ರ ಶೆಪರ್ಡ್ ಗಡಿಯಾರ. ಭೂತಗನ್ನಡಿ ಹಿಡಿದೆ. ಗಂಟೆಮುಳ್ಳು ಸೀದಾ ನೆಲ ನೋಡುತ್ತಿತ್ತು.

‘ಆರು ಗಂಟೆ ದೊಡ್ಡಪ್ಪ!’

‘ಈಗ ತಾನೇ ಚಿತ್ರಾನ್ನದ ಡಬ್ಬಿ ತೆಗೀಬೇಕು ಅಂದ್ಯಲ್ಲೋ?’

ಖಾತ್ರಿಗೆಂದು ಇನ್ನೊಂದು ಆ್ಯಪ್ ಮುಟ್ಟಿದೆ. ಕನ್ನಡ ದನಿ ಆರಿಸಿದ್ದಕ್ಕೆ ಅದು ನನ್ನನ್ನು ಕರ್ನಾಟಕದಲ್ಲೇ ಬಿಟ್ಟಿತ್ತು. ‘ಸಂಜೆ ಐದು ಗಂಟೆ ಇಪ್ಪತ್ತೊಂಬತ್ತು ನಿಮಿಷ!’ ಎಂದು ಜಾತ್ರೆಯ ಮೈಕಿನಂತೆ ಕೂಗಿತು. ಮೇಲೆ ನೋಡುತ್ತಿದ್ದ ಜನವೆಲ್ಲ ನನ್ನ ಕಡೆ ತಿರುಗಿದರು. ನಾನು ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ದೊಡ್ಡಪ್ಪ, ‘ಚೆಂಡು ಬಿದ್ದೋಯ್ತು’ ಅಂದರು.

ಆಮೇಲೆ ಎಚ್‌ಎಂಟಿ ಬಿಚ್ಚಿ, ತಲೆಕೆಳಗು ಹಿಡಿದರು. ‘ಐದೂವರೆ ಗಂಟೆ ವ್ಯತ್ಯಾಸ ತಾನೆ? ಹಿಂಗೆ ತಿರುಗಿಸಿದ್ರೆ ಹನ್ನೆರಡು. ಗೋಡೆ ಮೇಲಿರೋದಕ್ಕೆ ಇಪ್ಪತ್ನಾಲ್ಕು ಮನೆ, ಅದರಲ್ಲಿ ಹನ್ನೆರಡು ಕೆಳಗಿದೆ ನೋಡು. ಬೇಸಿಗೇಲಿ ನೀವು ಒಂದು ಗಂಟೆ ಮುಂದಿಟ್ಕೋತೀರ. ಅಲ್ಲಿಗೆ ಒಂದು.’

ವಾಪಸು ರೈಲಿನಲ್ಲಿ ಒಂದೂವರೆಗೆ ನನ್ನ ಜೇಬು ತಾನಾಗಿ ‘ಸಂಜೆ ಆರು ಗಂಟೆ!’ ಅಂತು. ಎದುರಿನ ಅಜ್ಜಿ ಗಾಬರಿಯಿಂದ ಮಣಿಕಟ್ಟು ನೋಡಿಕೊಂಡರು. ಆಫ್ ಮಾಡೋಣವೆಂದರೆ ಸೆಟ್ಟಿಂಗ್‌ನ ಅಕ್ಷರ ಸಾಸಿವೆ ಕಾಳು. ಅದನ್ನು ದೊಡ್ಡದು ಮಾಡಲು ಭೂತಗನ್ನಡಿ ಬೇಕು, ಭೂತಗನ್ನಡಿಯೋ ಅದೇ ಫೋನಿನೊಳಗೆ.

ದೊಡ್ಡಪ್ಪ ಮಾತಾಡದೆ ತಮ್ಮ ಕನ್ನಡಕ ತೆಗೆದು ಕೊಟ್ಟರು.