ಗೋಡೆಗೂ ಬೆಲ್ಲ ಬೇಕಂತೆ!

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು, "ಹಳೇ ತೊಟ್ಟಿಮನೆ ರಿಪೇರಿ ಮಾಡಿ ನೋಡು" ಎನ್ನಲಿಲ್ಲ. ಮಾಡಿ ನೋಡಿದವರಾರೂ ಹೇಳಲು ಉಳಿದಿರಲಿಕ್ಕಿಲ್ಲ.

ದಾಯಾದಿಗಳು ಬಾಗಿಲು, ತೊಲೆ, ಕಂಬ ಎಲ್ಲ ಒಯ್ದ ಮೇಲೆ ನನ್ನ ಪಾಲಿಗೆ ಉಳಿದದ್ದು ಗೋಡೆಗಳು ಮತ್ತು ಧಾರಾಳ ಗಾಳಿ-ಬೆಳಕು. ಮಳೆಗಾಲದಲ್ಲಿ ನೀರೂ ಧಾರಾಳ.

ಮೇಸ್ತ್ರಿ ಗೋಡೆ ತಟ್ಟಿ, "ಸಾರ್, ಸಿಮೆಂಟ್ ಬಳಿದರೆ ತೇವ ಒಳಗೇ ಕೂತು ಮಣ್ಣುಗೋಡೆ ಹಾಳಾಗುತ್ತೆ. ಸುಣ್ಣದ ಗಾರೆಯೇ ಆಗಬೇಕು" ಎಂದ. ಅದಕ್ಕೆ ಅಳಲೆಕಾಯಿ ನೆನೆಸಿದ ನೀರು, ಜೊತೆಗೆ ಬೆಲ್ಲ. ಡಾಕ್ಟರು ನನಗೆ ಬೆಲ್ಲ ಬಿಡಿಸಿದ ಹೊತ್ತಿಗೇ ಗೋಡೆಗೆ ಅಚ್ಚುಗಟ್ಟಲೆ! "ಗೋಡೆಗೆ ಶುಗರ್ ಬಂದರೇನು ಗತಿ?" ಎಂದಳು ಹೆಂಡತಿ.

ಇನ್ನು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಹತ್ತಾರು ಕಾರ್ಖಾನೆಗಳು ಹುಟ್ಟಿದವು. ಒಂದರ ಹಂಚು ಇನ್ನೊಂದರ ಪಕ್ಕ ಸರಿಯಾಗಿ ಕೂರದು, ಥೇಟ್ ನಮ್ಮ ದಾಯಾದಿಗಳಂತೆ.

ಊರವರೆಲ್ಲ ಬಂದು ನೋಡಿ, "ಕೆಡವಿ ಆರ್‌ಸಿಸಿ ಹಾಕಿಸಿಬಿಡಿ" ಎಂದರು. ಹೇಳಿದವರೇ ಆ ಗೋಡೆ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಇನ್ಮುಂದೆ ಫೋಟೊಗೆ ತಲಾ ಒಂದು ಬುಟ್ಟಿ ಸುಣ್ಣ ವಸೂಲಿ ಮಾಡಬೇಕೆಂದಿದ್ದೇನೆ.