ಎಡಕ್ಕೆ ತಿರುಗಿದರೆ ಫ್ಯೂಸು

ನಮ್ಮ ಮನೆಗೂ ಪಕ್ಕದ ಮನೆಯ ಮಾವನಿಗೂ ನಡುವೆ ಎದೆಮಟ್ಟದ ಕಾಂಪೌಂಡು. ಬೆಳಿಗ್ಗೆ ನಾನು ಗಾಡಿಗೆ ಹೊಡೆಯುವ ಕಿಕ್ಕು ಐದು ದಾಟಿತೆಂದರೆ ಗೋಡೆಯ ಮೇಲೆ ಮೊದಲು ಚಹಾದ ಲೋಟ, ಹಿಂದೆಯೇ ಮಾವನ ಮುಖ.

"ಏನಳಿಯಾ, ಇವತ್ತೂ ಮಲಗೇತೇನು?"

"ಕರೆಂಟ್ ಹೋಗೇತಿ ಮಾವ."

"ಕರೆಂಟ್ ಎಲ್ಲಿಗೆ ಹೋಗ್ತತಿ? ಅಲ್ಲೇ ಎಲ್ಲೋ ಇರ್ತತಿ. ನಿನಗೆ ಸಿಗವಲ್ದು ಅಷ್ಟೆ."

ಮೂವತ್ತು ವರ್ಷ ಕಂಬ ಹತ್ತಿ ಇಳಿದು ನಿವೃತ್ತನಾದ ಲೈನ್‌ಮನ್ ಮಾತು. ಎದುರಾಡುವ ಹಾಗಿಲ್ಲ.

ಗಾಡಿಯ ಬೇರೆ ರೋಗಗಳೆಲ್ಲ ಬಾಯಿಬಿಟ್ಟು ಹೇಳುತ್ತವೆ. ಚೈನು ಸಡಿಲಾದರೆ ಕಟಕಟ, ಪಂಕ್ಚರ್ ಆದರೆ ಕಣ್ಣಿಗೇ ಕಾಣುತ್ತದೆ, ಇಂಜಿನ್ ಬೋರಿಗೆ ಬಂದರೆ ಬಿಳಿ ಹೊಗೆ. ವೈರಿಂಗ್ ಕಾಯಿಲೆಗೆ ಸದ್ದೂ ಇಲ್ಲ, ಬಣ್ಣವೂ ಇಲ್ಲ. ಹಾಗಾಗಿಯೇ ಅದಕ್ಕೆ ಊರೆಲ್ಲ ವೈದ್ಯರು. ಒಂದು ಸಲ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಿಂದ ಗಾಡಿ ತಳ್ಳಿಕೊಂಡು ಹೊರಟಿದ್ದೆ. ಪ್ಲಗ್ಗು ಎಂದನೊಬ್ಬ, ಕಾರ್ಬನ್ ಎಂದನೊಬ್ಬ. ಒಗ್ಗರಣೆ-ಮಿರ್ಚಿ ತಿನ್ನುತ್ತ ಕೂತಿದ್ದವರು ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದರು. ಕೊನೆಗೆ ಹೈಸ್ಕೂಲಿನ ಹುಡುಗನೊಬ್ಬ ಬಂದು ಹ್ಯಾಂಡಲ್ ಮೇಲಿನ, ಇಂಜಿನ್ ಬಂದ್ ಮಾಡುವ ಕೆಂಪು ಸ್ವಿಚ್ಚನ್ನು ಈ ಕಡೆಗೆ ಒತ್ತಿ, "ಈಗ ಹೊಡೀರಿ ಅಂಕಲ್" ಎಂದ. ಒಂದೇ ಕಿಕ್ಕಿಗೆ ಶುರು. ಆ ಹುಡುಗ ಈಗಲೂ ಎದುರಿಗೆ ಸಿಕ್ಕರೆ ನಾನೇ ಬೇರೆ ಕಡೆ ನೋಡುತ್ತೇನೆ.

ಆದರೆ ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ಬಂದ ರೋಗ ಅಂಥದ್ದಲ್ಲ. ನೇರ ಹೋದರೆ ಗಾಡಿ ಕುದುರೆ. ಎಡಕ್ಕೆ ಹೊರಳಿಸಿದರೆ ಇಂಜಿನ್ನು, ಹಾರ್ನು, ಇಂಡಿಕೇಟರು ಎಲ್ಲ ಒಟ್ಟಿಗೆ ಗಪ್‌ಚಿಪ್. ಬ್ಯಾಟರಿಯ ಕರೆಂಟಿಲ್ಲದೆ ಪ್ಲಗ್ಗಿಗೆ ಕಿಡಿ ಕೊಡದ ಜಾತಿಯ ಗಾಡಿ ಅದು. ತೆಗೆದು ನೋಡಿದರೆ ಫ್ಯೂಸು ಸುಟ್ಟಿರುತ್ತಿತ್ತು. ಹೊಸದು ಹಾಕಿದರೆ ಮುಂದಿನ ಎಡತಿರುವಿನವರೆಗೆ ಬಾಳಿಕೆ.

ನಮ್ಮ ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ, "ಸದ್ದಲೇ" ಎಂದು ಲಕ್ಷ ಜನರನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಅದರ ಅರ್ಥ ಮಳೆಯೋ ರಾಜಕೀಯವೋ ಎಂದು ಜನ ಆಮೇಲೆ ಬಿಡಿಸುತ್ತ ಕೂರುತ್ತಾರೆ. ನಾನು ಹೋದ ಮೊದಲನೇ ಗ್ಯಾರೇಜಿನವನೂ ಹಾಗೆಯೇ, ಸೀಟು ಕೂಡ ಬಿಚ್ಚದೆ, "ಬ್ಯಾಟರಿ ಹೋಗೇತಿ" ಎಂದ. ಕಾರಣಿಕದ ಕೊನೆಯ ಪರಾಕ್ ಒಂದು ಅನ್ನಲಿಲ್ಲ. ಹೊಸ ಬ್ಯಾಟರಿ ಕೂತಿತು, ಎಡಕ್ಕೆ ತಿರುಗಿದೆ, ಫ್ಯೂಸು ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎರಡನೆಯವನು 10 ಆಂಪಿಯರ್ ಫ್ಯೂಸಿನ ಜಾಗಕ್ಕೆ 20ರದ್ದು ತುರುಕಿದ. ಅದೂ ಹೋದಾಗ ಮೂರನೆಯವನು ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ, "ಇನ್ನ ಹೋಗಂಗಿಲ್ಲ ತಗೋರಿ" ಎಂದ. ನಿಜ, ಫ್ಯೂಸು ಹೋಗಲಿಲ್ಲ. ಟ್ಯಾಂಕಿನ ಕೆಳಗಿನಿಂದ ಸುಟ್ಟ ವಾಸನೆ ಬಂತು.

ಮಾವ ಬೇಗಡೆ ನೋಡಿದವನೇ ಲೋಟ ಕೆಳಗಿಟ್ಟ. "ಇದನ್ನ ಕಟ್ಟಿದವನ ಕೈಗೆ ಒಂದು ಕೊಡಬೇಕಲೇ. ಫ್ಯೂಸು ಯಾಕೆ ಇರ್ತತಿ? ವೈರಿನ ಬದಲಿ ತಾನು ಸಾಯಾಕೆ. ನೀನು ಅದನ್ನ ಸಾಯಗೊಡದಿದ್ರ ವೈರೇ ಸಾಯ್ತತಿ, ಪೆಟ್ರೋಲ್ ಟ್ಯಾಂಕಿನ ಕೆಳಗೆ!"

ಗೋಡೆ ಸುತ್ತಿ ಬರುವಾಗ ಅವನ ಕೈಯಲ್ಲಿ ಹಳೇ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬೊಂದಿತ್ತು. ಅದಕ್ಕೆ ಮೊಳದುದ್ದದ ಎರಡು ವೈರು. ಬೇಗಡೆ ಕಿತ್ತೆಸೆದು, ಫ್ಯೂಸಿನ ಎರಡು ಕಾಲು ಕೂರುವ ಜಾಗಕ್ಕೆ ಆ ಎರಡು ವೈರು ಸಿಕ್ಕಿಸಿದ. ಕೀ ಆನ್ ಮಾಡಿಸಿದ. ಬಲ್ಬಿನ ತಂತಿ ಉರಿದೂ ಉರಿಯದ ಹಾಗೆ ಮಸಕಾಗಿತ್ತು. "ಹ್ಞಾಂ, ಎಡಕ್ಕೆ ಹೊರಳಿಸು." ಹೊರಳಿಸಿದೆ. ಬಲ್ಬು ಝಗ್ಗನೆ ಹತ್ತಿತು. ನೇರ ಮಾಡಿದೆ, ಮಸಕಾಯಿತು.

ಇಷ್ಟೇ ಅದರ ಮರ್ಮ. ಎಲ್ಲಿ ಶಾರ್ಟ್ ಆದರೂ ಕರೆಂಟು ಬಲ್ಬನ್ನು ದಾಟಿಯೇ ಹೋಗಬೇಕು, ಬಲ್ಬೋ ಎರಡು ಆಂಪಿಯರ್‌ಗಿಂತ ಹೆಚ್ಚಿಗೆ ದಾಟಲು ಬಿಡುವುದಿಲ್ಲ. ವೈರು ಸುಡದು, ಫ್ಯೂಸು ಖರ್ಚಾಗದು. ಶಾರ್ಟ್ ಇರುವಷ್ಟು ಹೊತ್ತೂ ಬಲ್ಬು ಉರಿಯುತ್ತ ಸಾಕ್ಷಿ ಹೇಳುತ್ತದೆ. ಮಾವ ಬಲ್ಬಿನ ಮೇಲೆ ಕಣ್ಣಿಟ್ಟು, ಹೆಡ್‌ಲೈಟಿನ ಹಿಂದಿನಿಂದ ವೈರಿನ ಕಟ್ಟನ್ನು ಇಂಚಿಂಚೇ ಒತ್ತುತ್ತ ಬಂದ, ನಾಡಿ ಹಿಡಿದವರ ಹಾಗೆ. ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ಬಲ್ಬು ಮಿಣುಕಿತು. ಅಲ್ಲಿ ಯಾರೋ ಪ್ಲಾಸ್ಟಿಕ್ ಟ್ಯಾಗನ್ನು ಬಿಗಿದು ಕಟ್ಟಿದ್ದರು. ಎಡಕ್ಕೆ ತಿರುಗಿದಾಗೆಲ್ಲ ವೈರು ಚಾಸಿಯ ಅಂಚಿಗೆ ಉಜ್ಜಿ, ಸಿಪ್ಪೆ ಸವೆದು, ಜೋಳದ ಕಾಳಿನಷ್ಟು ತಾಮ್ರ ಹೊಳೆಯುತ್ತಿತ್ತು. ಬೇಗಡೆಯ ಪ್ರತಾಪಕ್ಕೆ ಪಕ್ಕದ ಎರಡು ವೈರು ಮೆತ್ತಗಾಗಿದ್ದವು. ಅವನ್ನು ಬದಲಿಸಿ, ಟೇಪು ಸುತ್ತಿ, ಟ್ಯಾಗ್ ಸಡಿಲ ಮಾಡಿ, 10ರ ಫ್ಯೂಸು ಹಾಕಿದೆವು. ಬ್ಯಾಟರಿಗೆ ಕೊಟ್ಟ ದುಡ್ಡು ಮಾತ್ರ ಬ್ಯಾಟರಿಗೇ ಹೋಯಿತು.

"ಎಲ್ಲಿ ಕತ್ತಲಾಗೇತೋ ಅಲ್ಲಿ ಹುಡುಕಬ್ಯಾಡ," ಎಂದ ಮಾವ ಕೈ ಒರೆಸಿಕೊಳ್ಳುತ್ತ. "ಎಲ್ಲಿತನಕ ಬೆಳಕೈತೋ ಅಲ್ಲಿಂದ ಹೊರಡು. ಹತ್ತು ಹಳ್ಳಿ ಕತ್ತಲಾದ್ರೂ ನಾವು ಸ್ಟೇಷನ್ನಿಂದಲೇ ಕಂಬ ಎಣಿಸ್ತಿದ್ವಿ." ಗಾಡಿಗೆ ಸ್ಟೇಷನ್ನೆಂದರೆ ಬ್ಯಾಟರಿ. ನಿಂತ ಗಾಡಿಯಲ್ಲಿ ಮೀಟರು 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಹಸಿದಿದೆ. ಇಂಜಿನ್ ಶುರು ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.5ರಿಂದ 14.5ರೊಳಗೆ ನಿಂತರೆ ಚಾರ್ಜಿಂಗ್ ಸರಿ. ಏರದೇ ಇದ್ದರೆ ಕಾಯಿಲನ್ನೋ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ಟನ್ನೋ ಅನುಮಾನಿಸಬೇಕು. 15 ದಾಟಿತೆಂದರೆ ಆರ್‌ಆರ್ ಯೂನಿಟ್ಟು ಕೈಕೊಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಕೀ, ಕೀಯಿಂದ ಸ್ವಿಚ್ಚು, ಕಂಬ ಎಣಿಸಿದ ಹಾಗೆ.

ಹರಪನಹಳ್ಳಿಯ ಗೆಳೆಯನದು ಇನ್ನೊಂದು ಕಥೆ. ಅವನು ಇಂಡಿಕೇಟರ್ ಹಾಕಿದರೆ ನ್ಯೂಟ್ರಲ್ ದೀಪವೂ ಜೊತೆಗೆ ಮಿಟಕುತ್ತಿತ್ತು, ಹಾರ್ನು ಕುರಿಮರಿಯ ಹಾಗೆ ಅರಚುತ್ತಿತ್ತು. ಮಾವ ಗೋಡೆಯಾಚೆಯಿಂದಲೇ "ಅರ್ತಿಂಗ್" ಎಂದ. ಚಾಸಿಗೆ ಕಚ್ಚಿದ ಬೋಲ್ಟು ತುಕ್ಕು ಹಿಡಿದು ಸಡಿಲಾಗಿತ್ತು. ವಾಪಸಾಗಲು ದಾರಿಯಿಲ್ಲದ ಕರೆಂಟು ಸಿಕ್ಕ ಸಿಕ್ಕ ಬಲ್ಬಿನೊಳಗೆ ನುಗ್ಗುತ್ತಿತ್ತು. ಉಜ್ಜಿ ಬಿಗಿ ಮಾಡಿದರೆ ಮುಗಿಯಿತು. "ನಿಮ್ಮ ತಾಲೂಕಿಗೇ ಕನೆಕ್ಷನ್ ಗಟ್ಟಿ ಇಲ್ಲ ಬಿಡಪ್ಪ" ಎಂದು ಮಾವ ಅವನನ್ನು ಕಾಡಿಸಿದ. ಬಳ್ಳಾರಿ ಜಿಲ್ಲೆಯಿಂದ ಬಿಚ್ಚಿ 1997ರಲ್ಲಿ ದಾವಣಗೆರೆಗೆ ಕಟ್ಟಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಗೆಳೆಯನ ಗಾಡಿಯ ನಂಬರು ಇನ್ನೂ ದಾವಣಗೆರೆಯ ಕೆಎ-17ರಲ್ಲೇ ಇದೆ.

ಮಾವನದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೇ ಯೆಜ್ಡಿ, 6 ವೋಲ್ಟಿನದು. ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಅದರ ಪಾಯಿಂಟನ್ನು ಮಾವ ಇವತ್ತಿಗೂ ಮರಳುಕಾಗದದಲ್ಲಿ ಉಜ್ಜಿ ಓಡಿಸುತ್ತಾನೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳೆಂದರೆ ಅವನಿಗೆ ಅಷ್ಟಕ್ಕಷ್ಟೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬರೇಟರಿಲ್ಲ, ಪೆಟ್ರೋಲ್ ಚಿಮುಕಿಸುವುದಕ್ಕೂ ಕರೆಂಟೇ ಬೇಕು. ಬ್ಯಾಟರಿ ಪೂರ್ತಿ ಸತ್ತರೆ ಎಷ್ಟು ಕಿಕ್ ಹೊಡೆದರೂ ಬೆವರಷ್ಟೇ ಲಾಭ. ಆದರೂ ಮೊನ್ನೆ ಕೂಡ್ಲಿಗಿಯಿಂದ ಮೊಮ್ಮಗ ತಂದ ಹೊಸ ಗಾಡಿ ನಿಂತಾಗ ಬಲ್ಬು ಹಿಡಿದು ಬಂದವನು ಮಾವನೇ. ಉಳ್ಳಾಗಡ್ಡಿ ತುಂಬಿದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸಿದ್ದರಂತೆ, ಸೀಟಿನ ಕೆಳಗೆ ಇಲಿ ವೈರು ಕಡಿದಿತ್ತು. ಬಿಎಸ್-6 ಎಂದು ಇಲಿಗೇನು ಗೊತ್ತು!

ನಿಮ್ಮ ಗಾಡಿಯಲ್ಲಿ ಬೇಗಡೆ ಸುತ್ತಿದ ಫ್ಯೂಸಿದ್ದರೆ ಇವತ್ತೇ ಕಿತ್ತು ಹಾಕಿ, ಹತ್ತಿಪ್ಪತ್ತು ರೂಪಾಯಿಗೆ ಹೊಸದು ಸಿಗುತ್ತದೆ. ಗಾಡಿ ಶುರುವಾಗದಿದ್ದರೆ ಬಲ್ಬು ಹುಡುಕುವ ಮೊದಲು ಹ್ಯಾಂಡಲ್ ಮೇಲಿನ ಆ ಕೆಂಪು ಸ್ವಿಚ್ಚನ್ನೂ ಒಮ್ಮೆ ನೋಡಿ. ಸುತ್ತ ಹೈಸ್ಕೂಲ್ ಹುಡುಗರಿಲ್ಲದಾಗ.